ಎಡಬದಿ ಮಾತ್ರ ಅಳೆದ ದೋಣಿ

ನನ್ನ ಆಫೀಸಿಗೆ ಬರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟ್ ಹೊತ್ತ್ ಆತ್ತ್ ಮೇಡಂ?" ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಅಂದರೆ ಬಟನ್ ಒತ್ತಿದರೆ ಚಹಾ ಬೀಳುವ ಮೆಷಿನ್ ಅಂತ ತಿಳಿದಿದ್ದಾರೆ ಇವರು. ಕುಂದಾಪುರದ ಶಾಸ್ತ್ರಿ ಸರ್ಕಲಿನ ಹತ್ತಿರ, ಔಷಧಿ ಅಂಗಡಿಯ ಮಹಡಿಯಲ್ಲಿ ಕೂತು ಇಪ್ಪತ್ತೆಂಟು ವರ್ಷದಿಂದ ಗೆರೆ ಎಳೆಯುತ್ತಿದ್ದೇನೆ. ನನಗೆ ಅವಸರ ಹೇಳಿಕೊಡುವವರು ಇನ್ನೂ ಹುಟ್ಟಬೇಕು.

ಮೊದಲ ಆರು ವರ್ಷ ಬೋರ್ಡಿನ ಮೇಲೆಯೇ. ಟ್ರೇಸಿಂಗ್ ಪೇಪರ್, ಟಿ-ಸ್ಕ್ವೇರ್, ಇಂಕ್ ಪೆನ್ನು. ಮೇ ತಿಂಗಳ ಸೆಖೆಯಲ್ಲಿ ಮಣಿಕಟ್ಟಿನ ಬೆವರು ಕಾಗದಕ್ಕೆ ತಾಗಬಾರದೆಂದು ಕೆಳಗೆ ಕರ್ಚೀಫು ಇಟ್ಟುಕೊಳ್ಳುತ್ತಿದ್ದೆ. ತಪ್ಪಾದ ಗೆರೆಯನ್ನು ಬ್ಲೇಡಿನಿಂದ ಕೆರೆದು, ಉಗುರಿನಿಂದ ತಿಕ್ಕಿ ನಯ ಮಾಡಬೇಕಿತ್ತು. ಒಂದು ಮನೆಯ ಪ್ಲಾನ್ ಮುಗಿಯುವಷ್ಟರಲ್ಲಿ ಆ ಮನೆಯಲ್ಲಿ ನಾನೇ ಒಂದು ವಾರ ಉಳಿದು ಬಂದಂತಾಗುತ್ತಿತ್ತು. ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಮಲಗಿದಲ್ಲೂ ನೆನಪಿರುತ್ತಿತ್ತು. ಈಗ ಹಾಗಿಲ್ಲ. ಕೊಲ್ಲೂರಿನ ಲಾಡ್ಜಿನ ನೀರಿನ ಪೈಪ್‌ಲೈನ್ ಬೆಳಿಗ್ಗೆ, ಕೋಟೇಶ್ವರದ ಕೆತ್ತನೆಯವರ ಬಾಗಿಲಿನ ಹೂಬಳ್ಳಿ ಮಧ್ಯಾಹ್ನ, ಐಸ್ ಪ್ಲಾಂಟಿನ ತಗಡಿನ ಮಾಡು ಸಂಜೆ. ಎಲ್ಲವೂ ಒಂದೇ ಸ್ಕ್ರೀನಿನಲ್ಲಿ ಬಂದು ಹೋಗುತ್ತವೆ, ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆ ಬೋರ್ಡಿನ ದಿನಗಳು ನನಗೆ ಬಹಳ ನೆನಪಾಗುತ್ತವೆ. ಹೇಳಿದರೆ ನನ್ನ ಅಸಿಸ್ಟೆಂಟ್ ಪ್ರಜ್ಞಾ ನಗುತ್ತಾಳೆ.

ಕಳೆದ ಏಪ್ರಿಲ್‌ನಲ್ಲಿ ಉಪ್ಪುಂದದ ಮಂಜ ಆಫೀಸಿಗೆ ಬಂದ. ಮೀನು ಹಿಡಿಯುವ ಕುಟುಂಬ. ಅವನ ಮರದ ದೋಣಿ ಅಡಿಯಿಂದ ಕೊಳೆತು ಕುಂಬಾಗಿತ್ತು. ಅದೇ ಆಕಾರದ ಫೈಬರ್ ದೋಣಿ ಬೇಕು ಅವನಿಗೆ. ಬ್ರಹ್ಮಾವರದ ಕಡೆ ಫೈಬರ್ ದೋಣಿ ಮಾಡುವ ರತನ್, ಡ್ರಾಯಿಂಗ್ ತಂದರೆ ಮಾಡಿಕೊಡುತ್ತೇನೆ ಅಂದಿದ್ದನಂತೆ.

"ರೆಡಿ ಇದ್ದದ್ದೇ ಒಂದ್ ತಕಂಬುದಲ್ದಾ?" ಅಂದೆ.

"ಇಲ್ಲೆ ಮೇಡಂ. ಇದ್ ನಮ್ ಗುರುವಮಾವ ಮಾಡದ್. ಮೀನಿನ್ ಬಲಿ ಎಳುವತಿಗೆ ಇದ್ ನಿಂತಂಗೆ ಬೇರೆ ಯಾವ ದೋಣಿಯೂ ನಿಲ್ಲುದಿಲ್ಲೆ. ಮಾವಂಗೆ ಎಂಬತ್ಮೂರ್ ಆಯ್ತ್. ಕಣ್ಣ್ ಮಂಜ್. ಈಗೀಗ ಮರೆವೂ ಜಾಸ್ತಿ. ಮೊನ್ನೆ ಸೊಸಿ ಹೆಸರೇ ಬಾಯಿಗ್ ಬರ್ಲಿಲ್ಲೆ."

ಗುರುವ ಮೇಸ್ತ್ರಿ ದೋಣಿ ಕಟ್ಟಿದ್ದು ಕಾಗದ ನೋಡಿ ಅಲ್ಲ. ಅವರ ಅಪ್ಪಯ್ಯನಿಂದ ಕೈಗೆ ಬಂದದ್ದು, ಕೈಯಲ್ಲೇ ಉಳಿದಿತ್ತು. ಆ ಆಕಾರದ ದೋಣಿ ಉಳಿದದ್ದು ಇದೊಂದೇ, ಅದನ್ನೂ ಮಳೆಗಾಲಕ್ಕೆ ಮೊದಲು ಒಡೆಯುತ್ತಾರೆ. ಹಾಗಾಗಿ ಇದು ನನ್ನಿಂದಲೇ ಆಗಬೇಕಾದ ಕೆಲಸ ಎಂದು ಹೆಮ್ಮೆಯಿಂದ ಒಪ್ಪಿಕೊಂಡೆ. ಆ ಹೆಮ್ಮೆಯೇ ಕೆಟ್ಟದ್ದು ಮಾಡಿತು.

ಪ್ರಜ್ಞಾಳನ್ನು ಕರೆದುಕೊಂಡು ಉಪ್ಪುಂದಕ್ಕೆ ಹೋದೆ. ದೋಣಿಯನ್ನು ತೆಂಗಿನ ಬುಡದಲ್ಲಿ ಬಲಬದಿ ಗೋಡೆಗೆ ತಾಗಿಸಿ ಇಟ್ಟಿದ್ದರು. ಆ ಸಂದಿಗೆ ಇಳಿಯಲು ನನ್ನ ಮೈಗಾತ್ರ ಒಪ್ಪಲಿಲ್ಲ. ಎಡಬದಿಯನ್ನು ಮುಂದಿನಿಂದ ಹಿಂದಿನವರೆಗೆ ಒಂಬತ್ತು ಕಡೆ ಅಳೆದೆವು. ಬಾಯಿಯ ಅಗಲವನ್ನು ಮಾತ್ರ ಮೂರು ಕಡೆ ತೆಗೆದೆವು. ಅರ್ಧ ಸಿಕ್ಕರೆ ಇನ್ನರ್ಧಕ್ಕೆ ಮಿರರ್ ಕಮಾಂಡ್ ಇದೆ. ಎಡವನ್ನು ಮಗುಚಿದರೆ ಬಲ. ಮೂವತ್ತು ಸೆಕೆಂಡಿನ ಕೆಲಸ.

ಆಫೀಸಿನಲ್ಲಿ ಪ್ರಜ್ಞಾ ತಲೆ ಕೆರೆದುಕೊಂಡಳು. "ಮೇಡಂ, ನಡು ಅಗಲ ಎಡಬದಿಯ ಎರಡ್ ಪಟ್ಟಿಗಿಂತ ಎರಡೂವರೆ ಇಂಚ್ ಹೆಚ್ಚ್ ಇತ್ತ್. ಬಲಬದಿ ಬೇರೆ ಇಪ್ಪುಕೂ ಸಾಕ್. ಇನ್ನೊಂದ್ಸಲ ಹೋಯಿ ಕಾಂಬನಾ?"

"ನಲ್ವತ್ ವರ್ಷದ್ ಮರ, ಸೊಟ್ಟ ಆಗದೆ ಇರತ್ತಾ? ನಾವ್ ಸರಿ ಮಾಡಿ ಕೊಡ್ಕ್. ಸುಮ್ನೆ ಮಿರರ್ ಮಾಡ್" ಅಂತ ಗದರಿದೆ. ಅವಳು ಮಾಡಿದಳು. ಫೈಲ್ ರತನ್‌ಗೆ ಹೋಯಿತು.

ಮೇ ಕೊನೆಗೆ ರತನ್ ಫೋನ್ ಮಾಡಿದ. ದೋಣಿಯ ಅಡ್ಡಕೊಯ್ತದ ಆಕಾರದ ಒಂಬತ್ತು ಪ್ಲೈವುಡ್ ಅಚ್ಚುಗಳನ್ನು ಮೆಷಿನ್ನಲ್ಲಿ ಕತ್ತರಿಸಿ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದ್ದಾನೆ, ಫೈಬರ್ ಹಾಕುವ ಮೊದಲು ಮೇಸ್ತ್ರಿ ಒಮ್ಮೆ ಮುಟ್ಟಿ ನೋಡಲಿ ಅಂದ. ನನ್ನ ಕಾರಿನಲ್ಲೇ ಗುರುವಣ್ಣನನ್ನು ಕರೆದುಕೊಂಡು ಹೊರಟೆ. ಸಾಸ್ತಾನದ ಟೋಲ್ ದಾಟುವವರೆಗೆ ಅವರು ಮೂರು ಸಲ ಕೇಳಿದರು, "ನಾವ್ ಈಗ ಎಲ್ಲಿಗ್ ಹೋಪುದ್?" ಮೂರು ಸಲವೂ ಪ್ರಜ್ಞಾ ಹೊಸದಾಗಿ ಹೇಳುವಂತೆ ಹೇಳಿದಳು.

ಶೆಡ್ಡಿನಲ್ಲಿ ಗುರುವಣ್ಣ ಕೋಲನ್ನು ರತನ್ ಕೈಗೆ ಕೊಟ್ಟು ಎಡಬದಿಯ ಅಚ್ಚುಗಳ ಮೇಲೆ ಅಂಗೈ ಆಡಿಸುತ್ತ ನಡೆದರು. ಮುಖ ಅರಳಿತು. ತುದಿಗೆ ಹೋಗಿ ತಿರುಗಿ, ಬಲಬದಿಯಿಂದ ಬಂದರು. ನಾಲ್ಕನೆಯ ಅಚ್ಚಿಗೆ ಕೈ ನಿಂತಿತು.

"ಹ್ವಾಯ್, ಆ ಬದಿ ನಂದ್. ಈ ಬದಿ ಯಾರ್ದ್?"

"ಎರಡೂ ನಿಮ್ದೇ ಗುರುವಣ್ಣ" ಅಂದೆ.

"ಅಲ್ಲ ಅಮ್ಮ. ಬಲಿ ಎಳುದ್ ಬಲಬದಿಯಿಂದ. ನಾಲ್ಕ್ ಜನ ಅಲ್ಲೇ ನಿಲ್ತ್ರ್. ಅವ್ರ ಭಾರಕ್ಕೆ ದೋಣಿ ವಾಲೂಕಾಗ. ಅದ್ಕೆ ನಮ್ ಅಪ್ಪಯ್ಯ ಬಲಬದಿ ಹೊಟ್ಟಿ ಮೂರ್ ಬೆರಳ್ ಹೆಚ್ಚ್ ಇಡ್ತಿದ್ರ್. ನಾನೂ ಇಟ್ಟಿದ್ದೆ. ಎಲ್ಲಿ ಹೋಯ್ತ್ ಅದ್?"

ನಾನು ಅಳಿಸಿದ್ದೆ. ಬೇಕೆಂದೇ, ಸರಿ ಮಾಡುತ್ತೇನೆ ಎಂಬ ಜಂಬದಲ್ಲಿ ಅಳಿಸಿದ್ದೆ. ಮಂಜನಿಗೆ ಫೋನ್ ಹಚ್ಚಿ, ದೋಣಿ ಇದೆಯಾ ಅಂತ ಕೇಳಿದೆ. "ಹೋದ್ ವಾರ ಒಡದ್ ಆಯ್ತಲೆ ಮೇಡಂ. ಒಲಿಗೂ ಹೋಯ್ತ್" ಅಂದ. ಶೆಡ್ಡಿನ ಮೂಲೆಯಲ್ಲಿ ಡಬ್ಬದ ಮೇಲೆ ಕೂತುಬಿಟ್ಟೆ. ತಂದೆ ಮಗ ಇಬ್ಬರೂ ಜನ್ಮವಿಡೀ ಕಾಪಾಡಿದ್ದನ್ನು ನಾನು ಮೂವತ್ತು ಸೆಕೆಂಡಿನಲ್ಲಿ ಹಾಳು ಮಾಡಿದ್ದೆ. ನಾಚಿಕೆಯಿಂದ ಅಳು ಬಂತು. ಪ್ರಜ್ಞಾ ಒಂದು ಮಾತು ಚುಚ್ಚಿದ್ದರೂ ಸಮಾಧಾನವಾಗುತ್ತಿತ್ತು, ಅವಳು ಚುಚ್ಚಲಿಲ್ಲ.

ಆಮೇಲೆ ಎದ್ದು ಗುರುವಣ್ಣನ ಎದುರು ನಿಂತು ಹೇಳಿದೆ. "ತಪ್ಪ್ ನಂದೇ ಗುರುವಣ್ಣ. ಈ ಹೆಣ್ಣ್ ಹೇಳಿತ್ತ್, ನಾನ್ ಕೇಣ್ಲಿಲ್ಲೆ. ನಿಮ್ಗೆ ನೆನ್ಪ್ ಇತ್ತಾ, ಎಲ್ಲೆಲ್ಲಿ ಎಷ್ಟೆಷ್ಟ್ ಇಟ್ಟದ್ದ್?"

ಅವರು ನಾಲ್ಕನೆಯ ಅಚ್ಚಿನ ಅಂಚನ್ನು ಮತ್ತೊಮ್ಮೆ ಸವರಿದರು. "ಕೇಂಡ್ರೆ ಹೇಳೂಕೆ ಬತ್ತಿಲ್ಲೆ ಅಮ್ಮ. ಒಂದ್ ಅಡಕಿ ದಬ್ಬೆ ಇದ್ರೆ ಕೊಡಿ. ಕೈಗೆ ಗೊತ್ತಿಪ್ಪುಕೂ ಸಾಕ್."

ರತನ್ ಅಡಿಕೆ ಮರ ಸೀಳಿದ ದಬ್ಬೆಗಳನ್ನು ತರಿಸಿದ. ಗುರುವಣ್ಣ ಹೆಬ್ಬೆರಳಿನಿಂದ ಒತ್ತಿ ನೋಡಿ ನಾಲ್ಕನ್ನು ಬಿಸಾಡಿ ಐದನೆಯದನ್ನು ಹಿಡಿದರು. ಮುಂದಿನ ತುದಿಗೆ ಕಟ್ಟಿಸಿದರು. ಬಲಬದಿಯ ಅಚ್ಚುಗಳಿಂದ ಹೊರಕ್ಕೆ ಉಬ್ಬುವಂತೆ ಬಾಗಿಸುತ್ತ ಹಿಂದಕ್ಕೆ ನಡೆದರು. ಕಣ್ಣು ಮುಚ್ಚಿಕೊಂಡೇ ಇದ್ದರು. ಬೋರ್ಡಿನ ದಿನಗಳಲ್ಲಿ ನಾನೂ ಬಗ್ಗುವ ಪಟ್ಟಿಯೊಂದನ್ನು ಕಾಗದದ ಮೇಲೆ ಹೀಗೆ ಒತ್ತಿ ಹಿಡಿದು ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದೆ. ಎಷ್ಟು ವರ್ಷವಾಯಿತು ಹಾಗೆ ಕೆಲಸ ಮಾಡದೆ! ಅವರ ಪಕ್ಕದಲ್ಲಿ ದಬ್ಬೆ ಹಿಡಿದುಕೊಂಡು ನಿಂತಾಗ ನನ್ನ ಕೈಗೂ ಹಳೆಯ ಮನೆ ಸಿಕ್ಕ ಹಾಗಾಯಿತು.

ದಬ್ಬೆಗೂ ಅಚ್ಚಿಗೂ ನಡುವಿನ ಸಂದನ್ನು ಪ್ರಜ್ಞಾ ಒಂದೊಂದಾಗಿ ಅಳೆದು ಬರೆದಳು. ಮಧ್ಯೆ ಗುರುವಣ್ಣ ಒಮ್ಮೆ ನಿಂತು, "ಇದ್ ಯಾರ್ ದೋಣಿ?" ಅಂದರು. ಆದರೆ ಕೈ ದಬ್ಬೆಯನ್ನು ಬಿಟ್ಟಿರಲಿಲ್ಲ. ಕೆಲಸ ಮುಗಿಯುವಾಗ ಸಂಜೆ ನಾಲ್ಕು. ಹಿಂದೆ ತೆಗೆದ ಮೂರು ಅಗಲಗಳಿಗೆ ಹೋಲಿಸಿದೆವು. ಎರಡು ಸರಿಯಾಗಿ ಕೂತವು. ಮೂರನೆಯದರಲ್ಲಿ ಕಾಲು ಇಂಚು ವ್ಯತ್ಯಾಸ ಬಂತು. ಗುರುವಣ್ಣನ ಕೈ ತಪ್ಪಿತೋ, ನಮ್ಮ ಟೇಪ್ ತಪ್ಪಿತೋ ಗೊತ್ತಿಲ್ಲ. ನಾನು ಅವರ ಕೈಯನ್ನೇ ನಂಬಿದೆ.

ಆ ವಾರ ಬಲಬದಿಯನ್ನು ಬೇರೆಯಾಗಿ, ಒಂದೊಂದೇ ಗೆರೆ ಎಳೆದು ಮುಗಿಸಿದೆ. ಬಂದವರೆಲ್ಲ ಎಷ್ಟು ಹೊತ್ತು ಅಂತ ಕೇಳಿದರು. ಆಗುವಷ್ಟು ಹೊತ್ತು ಅಂದೆ.

ಮಳೆಗಾಲ ಕಳೆದು, ಕಡಲು ಇಳಿದ ಮೇಲೆ ದೋಣಿ ನೀರಿಗೆ ಬಿಟ್ಟರು. ಉಪ್ಪುಂದದ ದಡದಲ್ಲಿ ಊರೇ ಇತ್ತು. ಗುರುವಣ್ಣನನ್ನು ಮರಳಿನ ಮೇಲೆ ಕುರ್ಚಿ ಹಾಕಿ ಕೂರಿಸಿದ್ದರು, ನಾನು ಪಕ್ಕದಲ್ಲಿ ನಿಂತೆ. ಖಾಲಿ ದೋಣಿ ತೆರೆಯಲ್ಲಿ ಎಡಕ್ಕೆ ವಾಲಿ ನಿಂತಿತು. "ಸೊಟ್ಟ ಮಾಡಿಟ್ಟಿದ್ರಲೆ!" ಅಂತ ಯಾರೋ ಕೂಗಿದರು, ಎಲ್ಲರೂ ನಕ್ಕರು. ರತನ್ ನನ್ನ ಮುಖ ನೋಡಿದ.

"ಎಂತಾತ್ತ್ ಅಮ್ಮ? ನಂಗ್ ಕಾಂತಿಲ್ಲೆ, ಹೇಳಿ" ಅಂದರು ಗುರುವಣ್ಣ.

"ಎಡಕ್ಕೆ ವಾಲಿತ್ತ್."

"ವಾಲ್ಲಿ. ಬಲಿ ಎಳಿಲಿ."

ಮಂಜ ಮತ್ತು ಮೂವರು ಬಲಬದಿಗೆ ಬಂದು ನಿಂತರು. ನೀರಿಗೆ ಬಿಟ್ಟ ಬಲೆಯನ್ನು ಹಿಡಿದು ಒಟ್ಟಿಗೆ ಎಳೆಯತೊಡಗಿದರು. ದೋಣಿ ನಿಧಾನವಾಗಿ ಎದ್ದು ನೇರವಾಯಿತು. ನಾಲ್ಕು ಜನ ಜಗ್ಗಿ ಎಳೆದರೂ ಆಚೆ ಈಚೆ ಅಲುಗಲಿಲ್ಲ. ದಡದಲ್ಲಿ ನಗು ನಿಂತಿತ್ತು. ಮಂಜ ದೂರದಿಂದ ಕೈ ಎತ್ತಿ ಏನೋ ಕೂಗಿದ, ಗಾಳಿಗೆ ಕೇಳಲಿಲ್ಲ.

"ಈಗ?" ಅಂದರು ಗುರುವಣ್ಣ.

"ಸಮ ನಿಂತಿತ್ತ್ ಗುರುವಣ್ಣ. ನೀರ್ ಮೇಲೆ ಹಲಗಿ ಇಟ್ಟಂಗ್ ನಿಂತಿತ್ತ್" ಅಂದೆ. ಹೇಳುತ್ತಾ ನನಗೆ ಅಳು ತಡೆಯಲಾಗಲಿಲ್ಲ.

ಅವರು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು. "ನೀವ್ ಅದನ್ನ್ ಎಲ್ಲ ಬರ್ದ್ ಇಟ್ಕಂಡಿದ್ರಿ ಅಲ್ದಾ?"

"ಇಟ್ಕಂಡಿದ್ದೆ. ಎರಡೂ ಬದಿ."

ಗುರುವಣ್ಣ ಕುರ್ಚಿಗೆ ಬೆನ್ನು ಕೊಟ್ಟರು.

"ಹಂಗಾರೆ ಇನ್ನ್ ನಾನ್ ಮರ್ತ್ರೂ ಅಡ್ಡಿಲ್ಲೆ" ಅಂದರು.