ನೆಲಕ್ಕೆ ಹಾಕಿದ ಚೌಳು

ಮಾಳಿಗೆಗೆ ಚೌಳು ಮಣ್ಣು ಹಾಕುವುದರಲ್ಲಿ ನರಸಿಂಗನನ್ನು ಸರಿಗಟ್ಟುವವರು ಇಡೀ ಹುಮನಾಬಾದಿನಲ್ಲಿ ಇರಲಿಲ್ಲ. ಆ ಉಪ್ಪುಪ್ಪು ಬಿಳಿ ಮಣ್ಣನ್ನು ಅವನು ಹಾಸಿ ತುಳಿದನೆಂದರೆ ಮುಗಿಯಿತು, ಎಂಥ ಮಳೆ ಹೊಯ್ದರೂ ಒಂದು ಹನಿ ಕೆಳಗಿಳಿಯುತ್ತಿರಲಿಲ್ಲ. ಆ ಹೆಸರೇ ಅವನ ಮನೆ ತಿಂದಿತು.

ಮಗಳು ದ್ರೌಪತಿಗೆ ದಮ್ಮು. ರಾಜೇಶ್ವರ ಊರಿನ ಅತ್ತೆ ಮನೆಯವರು "ಆರಾಮ ಆದಮ್ಯಾಲ ಕಳಸ್ರಿ" ಎಂದು ತಂದು ಬಿಟ್ಟುಹೋಗಿದ್ದರು. ಕಲ್ಯಾಣದ ಹಕೀಮರು ನಾಡಿ ಹಿಡಿದು ಒಂದೇ ಮಾತು ಹೇಳಿದರು: "ಈ ಮಳಿಗಾಲ ಹಸಿ ತಾಗದಂಗ ಇಟ್ರ ಉಳೀತಾಳ." ನರಸಿಂಗನ ಗುಡಿಸಲೋ ಹಳ್ಳದ ದಂಡೆಗೆ. ಕೈಮುಗಿದು ಕೇಳಿದ್ದಕ್ಕೆ ಊರಿನ ಮೋಟಾರು ಮಾಲೀಕ ಸಲಾವುದ್ದೀನ್ ಸಾಹೇಬರು ಮೋಟಾರು ನಿಲ್ಲಿಸುವ ತಮ್ಮ ತಗಡಿನ ಖಾನೆಯ ಒಂದು ಮೂಲೆ ಕೊಟ್ಟರು. ಆಗ ನಡೆದಿದ್ದ ಮಹಾಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ, ಜನರನ್ನು ಹೊತ್ತು ಚಿಟಗುಪ್ಪಕ್ಕೆ ಓಡಾಡುತ್ತಿದ್ದ ಅವರ ಮೋಟಾರು ಎರಡು ವರ್ಷದಿಂದ ಇಟ್ಟಿಗೆಗಳ ಮೇಲೆ ಕೂತಿತ್ತು.

ನರಸಿಂಗ ಜೀವ ತೇದು ದುಡಿದ. ಮೋಟಾರಿನ ಮಗ್ಗುಲಲ್ಲಿ ಅಡ್ಡಗೋಡೆ ಎಬ್ಬಿಸಿ ಕೋಣೆ ಮಾಡಿದ. ಮೇಲಿನ ತಗಡಿನ ಥಂಡಿ ಕೆಳಗಿಳಿಯದಂತೆ ಜೋಳದ ಒಣದಂಟಿನ ಕಣಿಕೆ ಒತ್ತಾಗಿ ಕಟ್ಟಿದ. ಕಡೆಗೆ, ಮಾಳಿಗೆಯಲ್ಲಿ ನೀರು ತಡೆಯುವ ಮಣ್ಣು ನೆಲದಲ್ಲಿ ತಡೆಯದೇ ಎಂದುಕೊಂಡು, ಎರಡು ಬಂಡಿ ಚೌಳು ತಂದು ನೆಲಕ್ಕೆ ಗೇಣುದಪ್ಪ ತುಂಬಿ ಬಡಿದ. ಗೋಡೆಗೂ ಬಳಿದ.

"ನೆಲಕ್ಕ ಯಾರೂ ಇದನ್ನ ಹಾಕಂಗಿಲ್ಲಲ್ರಿ," ಎಂದಳು ಹೆಂಡತಿ ಗಿರಿಜಾಬಾಯಿ.

"ನನಗ ಮಣ್ಣಿಂದು ಕಲಿಸಾಕ ಬಂದಿಯೇನ?" ಎಂದು ಅವನು ಗದರಿದ.

ಮಳೆ ಹಿಡಿಯಿತು. ಮೇಲಿನಿಂದ ಹನಿ ಬೀಳಲಿಲ್ಲ, ನಿಜ. ಆದರೆ ಉಪ್ಪು ತನ್ನ ಗುಣ ಬಿಟ್ಟೀತೇ? ಮಾಳಿಗೆಯ ಮೇಲೆ ಬಿಸಿಲಿಗೆ ಒಣಗುವ ಮಣ್ಣು ಈ ಕತ್ತಲೆ ಕೋಣೆಯಲ್ಲಿ ನೆಲದಡಿಯ ನೀರನ್ನೂ ಗಾಳಿಯ ಹಸಿಯನ್ನೂ ಎಳೆದೆಳೆದು ಕುಡಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಯಿತು.

ದಿನಾ ಸಂಜೆ ಅವನು ಬಾಗಿಲಲ್ಲಿ ನಿಂತು, "ಹ್ಯಾಂಗದವ್ವಾ?" ಎನ್ನುತ್ತಿದ್ದ. "ಬೆಚ್ಚಗದಪ್ಪಾ," ಎನ್ನುತ್ತಿದ್ದಳು ದ್ರೌಪತಿ. ಉಸಿರು ಮಾತ್ರ ಸಿಳ್ಳೆ ಹೊಡೆಯುತ್ತಿತ್ತು. ಹಸಿ ಇನ್ನೂ ಎಲ್ಲಿಂದಲೋ ನುಸುಳುತ್ತಿದೆ ಎಂದು ಅವನು ಮತ್ತೊಂದು ಪದರ ಚೌಳು ಬಳಿದ. ಹಾಳಾದ ಬುದ್ಧಿ!

ಒಂದು ಮಧ್ಯಾಹ್ನ ಗಿರಿಜಾಬಾಯಿ ಮಗಳನ್ನು ಎಬ್ಬಿಸಿ ಕೂರಿಸಿ ಹಾಸಿದ್ದ ಕೌದಿ ಮಗುಚಿದಳು. ಅಡಿಯೆಲ್ಲ ಹಿಂಡುವಷ್ಟು ಒದ್ದೆ. ನರಸಿಂಗ ನೆಲಕ್ಕೆ ಅಂಗೈ ಒತ್ತಿದ, ಕೈ ತೊಯ್ದು ಬಂತು. ಮಾಡಿದ್ದು ಏನೆಂದು ಆಗ ತಿಳಿಯಿತು.

"ಯಾಕ ಹೇಳಲಿಲ್ಲವ್ವಾ?"

"ಮೊದಲನೇ ದಿನಾನೇ ಗೊತ್ತಾಗಿತ್ತಪ್ಪಾ." ಅವಳು ಏದುಸಿರು ಬಿಟ್ಟು ಸುಧಾರಿಸಿಕೊಂಡಳು. "ಎಷ್ಟು ಹೌಸಿಲೆ, ಖುಷಿಲೆ ಮಾಡಿದ್ದಿ. ಹ್ಯಾಂಗ ಹೇಳ್ಲಿ?"

ಅವಳನ್ನು ಮೋಟಾರಿನ ಸೀಟಿನ ಮೇಲೆ ಮಲಗಿಸಿ ಅವನು ಗುದ್ದಲಿ ಹಿಡಿದ. ಬಡಿದು ಬಡಿದು ಕೂರಿಸಿದ ನೆಲ, ಸುಲಭಕ್ಕೆ ಏಳಲಿಲ್ಲ. ಮೂರನೇ ದಿನ ದ್ರೌಪತಿ ಆ ಸೀಟಿನ ಮೇಲೆಯೇ ತೀರಿಕೊಂಡಳು. ಅರ್ಧ ಕೋಣೆ ಅಗೆಯುವುದು ಇನ್ನೂ ಬಾಕಿಯಿತ್ತು.

ಮಣ್ಣು ಮಾಡಿ ಬಂದವನೇ ನರಸಿಂಗ ಮತ್ತೆ ಗುದ್ದಲಿ ಎತ್ತಿಕೊಂಡ.

"ಇನ್ನ ಯಾರ ಸಲುವಾಗಿ ಅಗೀತೀರಿ?" ಎಂದು ಗಿರಿಜಾಬಾಯಿ ಕೈ ಹಿಡಿದಳು.

ಅವನು ಕೈ ಬಿಡಿಸಿಕೊಂಡು ಉಳಿದ ಅರ್ಧವನ್ನೂ ಅಗೆದ.