ಬಾಯಿ ಕಟ್ಟಿದ ಗಂಟೆ

ಸೈಕಲ್ ಮೇಲೆ ಕೂತವರು ಸೈಕಲ್ಲಿನ ವಿಷಯ ಮಾತಾಡಬಾರದು. ಇದು ನನ್ನ ಗಂಡ ಸಿದ್ದಾರ್ಥ ಮತ್ತು ಅವರ ಮೂವರು ಗೆಳೆಯರು ಮಾಡಿಕೊಂಡಿದ್ದ ಕಾನೂನು. ಗೇರು, ಟೈರು, ಚೈನು, ಎಷ್ಟು ಕಿಲೋಮೀಟರ್ ಆಯಿತು, ಯಾವುದನ್ನೂ ಎತ್ತುವಂತಿಲ್ಲ. ಬೇರೆ ಏನು ಬೇಕಾದರೂ ಮಾತಾಡಬಹುದು. ಕೆಲಸಕ್ಕೆ ಬಾರದ ಮಾತಾದಷ್ಟೂ ಒಳ್ಳೆಯದು. ಬಾಯಿ ತಪ್ಪಿದವನ ಸೀಟಿನ ಕೆಳಗೆ ಕರುವಿನ ಕೊರಳ ಗಂಟೆ ಕಟ್ಟುತ್ತಿದ್ದರು. ಇನ್ನೊಬ್ಬ ಬಾಯಿ ತಪ್ಪುವವರೆಗೆ ಅದು ಅವನದು. ಗಂಟೆಯವನು ಎಲ್ಲರಿಗಿಂತ ಹಿಂದೆ ಬರಬೇಕು. ಮುಂದಿನವರು ತಿರುಗಿ ನೋಡುತ್ತಿರಲಿಲ್ಲ. ಗಂಟೆಯ ಸದ್ದು ಬರುತ್ತಿದ್ದರೆ ಸಾಕು. ಸದ್ದು ನಿಂತರೆ ಎಲ್ಲರೂ ಹಿಂದಕ್ಕೆ ಹೋಗಬೇಕು.

ಜೂನ್ ತಿಂಗಳ ಒಂದು ಭಾನುವಾರ ಸದ್ದು ನಿಂತಿತು. ಯಾರೂ ಹಿಂದಕ್ಕೆ ಹೋಗಲಿಲ್ಲ. ಗಂಟೆಯ ಬಾಯಿಗೆ ಬಟ್ಟೆ ತುರುಕಿದೆ ಎಂದು ಅವರಿಗೆ ಗೊತ್ತಿತ್ತು.

ತುರುಕಿದವನು ಚಲುವರಾಜು. ತುರುಕಿಸಿದವಳು ನಾನು. ಎರಡನೆಯ ಸಂಗತಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಚಲುವರಾಜು ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾನೆ. ನಾಲ್ವರಿಗೂ ಸೈಕಲ್ ಚಡ್ಡಿಗೆ ಒಳಗಡೆ ಸ್ಪಂಜು ಇಟ್ಟು ಹೊಲಿದುಕೊಟ್ಟವನು ಅವನೇ. ಚೈನು ಒರೆಸಲು ಜೇಬಿನಲ್ಲಿ ಯಾವಾಗಲೂ ರವಿಕೆ ಬಟ್ಟೆಯ ಚೂರುಗಳಿರುತ್ತಿದ್ದವು. ಸುನೀಲ್‌ಕುಮಾರ್ ಹೈಸ್ಕೂಲಿನ ಡ್ರಿಲ್ ಮಾಸ್ತರು. ವೀರಭದ್ರಸ್ವಾಮಿ ಪಿರಿಯಾಪಟ್ಟಣದ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತಿಯಾದವರು. ಎಲ್ಲರಿಗೂ ಸ್ವಾಮಣ್ಣ. ಗಂಟೆ ತಂದುಕೊಟ್ಟವರು ಅವರು. ಸಿದ್ದಾರ್ಥ ಹಾಲಿನ ಸಂಘದಲ್ಲಿ ಗುಮಾಸ್ತರಾಗಿದ್ದರು.

ಪ್ರತಿ ಭಾನುವಾರ ಬೆಳಗಿನ ಜಾವ ಹುಣಸೂರು ಬಿಟ್ಟು ಹನ್ನೊಂದರ ಹೊತ್ತಿಗೆ ವಾಪಸಾಗುತ್ತಿದ್ದರು. ನೇರ ನಮ್ಮ ಜಗಲಿಗೆ ಬರುತ್ತಿದ್ದರು. ಅತ್ತೆ ಸಣ್ಣತಾಯಮ್ಮ ಚೆಂಬಿನ ತುಂಬ ಮಜ್ಜಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಅವರಿಗೆ ಮಗ ಸೈಕಲ್ ತುಳಿಯುವುದು ಯಾಕೆಂದು ತಿಳಿಯುತ್ತಿರಲಿಲ್ಲ. ಆದರೆ ಅವರು ಹೊತ್ತು ತರುತ್ತಿದ್ದ ಈ ಕೆಲಸಕ್ಕೆ ಬಾರದ ಮಾತುಗಳು ಬೇಕಿದ್ದವು. ಕೆ.ಆರ್. ನಗರದವರು ಅನ್ನ ಉಂಡೂ ಉಂಡೂ ಮುದ್ದೆ ನುಂಗುವುದನ್ನು ಮರೆತಿದ್ದಾರೆ ಎಂಬುದರ ಮೇಲೆ ಒಂದು ತಿಂಗಳು ವಾದ ನಡೆದಿತ್ತು. ಅತ್ತೆ ತೀರ್ಪು ಕೊಟ್ಟಿದ್ದರು.

ಆ ದಿನ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಟೀ ಕುಡಿದು ಹೊರಡುವಾಗ, ಒಂದು ಕಾಲನ್ನು ಪೆಡಲಿನ ಮೇಲಿಟ್ಟು ಸಿದ್ದಾರ್ಥ ಹೇಳಿದರಂತೆ, "ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಆದಂಗದೆ ಕಣ್ಲಾ."

"ಕಟ್ಟು ಗಂಟೆಯ!" ಎಂದು ಮೂವರೂ ಕೂಗಿದರಂತೆ. ಇದನ್ನು ಸುನೀಲ್ ಆಮೇಲೆ ನನಗೆ ಹೇಳಿದ್ದು. ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ನಾನು ಫೋನಿನಲ್ಲಿದ್ದೆ.

ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಸಂಪಿನ ಮುಚ್ಚಳಕ್ಕೆ ಬೀಗ, ಬೀಗದ ಕೈ ಕಾಣಿಸುತ್ತಿರಲಿಲ್ಲ. ಫೋನ್ ಮಾಡಿದೆ. ಸೈಕಲ್ ಮೇಲೇ ಎತ್ತಿಕೊಂಡರು. ಅವರ ಮಾತಿಗಿಂತ ಗಂಟೆಯ ಸದ್ದೇ ಜೋರಾಗಿತ್ತು.

"ಏನೂ ಕೇಳ್ತಿಲ್ಲ. ಆ ಗಂಟೆ ನಿಲ್ಸಿ ಮೊದ್ಲು," ಎಂದೆ.

"ಲೋ ಚಲುವ, ನಿಂತ್ಕೊಳ್ಳಲಾ ವಸಿ. ಇದರ ಬಾಯಿಗೆ ಏನಾರ ತುರುಕು. ನಮ್ಮನೇರು ಬೈತಾವ್ರೆ."

ಚಲುವರಾಜುವಿನ ದನಿ ಸ್ವಲ್ಪ ದೂರದಿಂದ ಬಂತು. "ತುರುಕ್ತೀನಿ ಬುಡಣ್ಣ. ಗಂಟೆ ಬಾಯಿ ಕಟ್ಬೋದು, ಅತ್ಗೆ ಬಾಯಿ ಎಂಗೆ ಕಟ್ಟದು?"

ಸಿದ್ದಾರ್ಥ ನಕ್ಕರು. ಗಂಟೆ ನಿಂತಿತು.

"ಈಗ ಹೇಳು."

"ಸಂಪಿನ ಬೀಗದ ಕೈ."

"ಬಾಗಿಲ ಹಿಂದೆ ಮೊಳೆಗೆ. ಇನ್ನೆಲ್ಲಿರ್ತದೆ?"

"ಇಲ್ಲ ಅಲ್ಲಿ."

"ಟವಲ್ ಎತ್ತಿ ನೋಡು."

ಟವಲ್ಲಿನ ಕೆಳಗಿತ್ತು. "ಸಿಕ್ತು," ಎಂದು ಫೋನ್ ಇಟ್ಟೆ. ಒಂದು ನಿಮಿಷ ಐವತ್ತು ಸೆಕೆಂಡು. ಅವರ ಫೋನಿನಲ್ಲಿ ಈಗಲೂ ಇದೆ.

ಆಮೇಲೆ ಅವರು ಬಟ್ಟೆ ತೆಗೆಯಲಿಲ್ಲ. ಮರೆತರೋ, ನಾನು ಮತ್ತೆ ಫೋನ್ ಮಾಡಬಹುದು ಎಂದುಕೊಂಡರೋ ಗೊತ್ತಿಲ್ಲ. ಚಲುವರಾಜು ಅಷ್ಟರಲ್ಲಿ ಮುಂದೆ ಹೋಗಿ ಉಳಿದಿಬ್ಬರನ್ನು ಸೇರಿಕೊಂಡಿದ್ದ. ಗಂಟೆ ಯಾಕೆ ಸುಮ್ಮನಾಯಿತೆಂದು ಸುನೀಲ್ ಕೇಳಿದ್ದಕ್ಕೆ, "ಬಾಯಿ ಕಟ್ಟಿವ್ನಿ ಬುಡಿ, ಬತ್ತಾನೆ," ಎಂದ. ಮೂವರೂ ಅಂತರಸಂತೆಯ ಹೋಟೆಲಿಗೆ ಹೋಗಿ ಇಡ್ಲಿ ತಿಂದರು. ಮಾತಾಡುತ್ತ ಕೂತರು.

ಹಿಂದಿನಿಂದ ಬಂದ ಯಾವುದೋ ಗೂಡ್ಸ್ ಗಾಡಿ ಸಿದ್ದಾರ್ಥರಿಗೆ ಗುದ್ದಿ ನಿಲ್ಲದೆ ಹೋಗಿತ್ತು. ಅವರು ಮೋರಿಯ ಪಕ್ಕ ಲಂಟಾನದ ಪೊದೆಯೊಳಗೆ ಬಿದ್ದಿದ್ದರು. ಮೇಕೆ ಹೊಡೆದುಕೊಂಡು ಬಂದ ಹೆಂಗಸೊಬ್ಬಳು ಮೊದಲು ಸೈಕಲ್ಲನ್ನು ನೋಡಿದಳು. ಆ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಇನ್ನೂ ಉಸಿರಿತ್ತು. ಆಸ್ಪತ್ರೆಗೆ ತಲುಪುವಾಗ ಇರಲಿಲ್ಲ. ಬೇಗ ತಂದಿದ್ದರೆ ಎಂದು ಡಾಕ್ಟರು ಶುರು ಮಾಡಿ, ನನ್ನ ಮುಖ ನೋಡಿ, ವಾಕ್ಯ ಮುಗಿಸಲಿಲ್ಲ.

ಮೂರನೆಯ ದಿನ ಅತ್ತೆ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಕೇಳಿದರು. "ಗಂಟೆ ಕಟ್ಟಿತ್ತಲ್ಲ. ಯಾಕೆ ಕೇಳ್ಲಿಲ್ಲ ನಿಮ್ಗೆ?"

ಚಲುವರಾಜು ನನ್ನನ್ನು ಒಮ್ಮೆ ನೋಡಿದ. "ನಾನೇ ಬಟ್ಟೆ ತುರುಕ್ದೆ ಅವ್ವಾ. ತಮಾಷೆಗೆ."

ನನ್ನ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ಯಾರಿಗೋ ಕೊಟ್ಟೆ. 

"ನನ್ನ ಬಾಗ್ಲು ಮೆಟ್ಬೇಡ ನೀನು," ಎಂದರು ಅತ್ತೆ.

ಅದು ಬೀದಿಗೆಲ್ಲ ಹರಡಿತು. ಹೆಂಗಸರು ರವಿಕೆ ಹೊಲಿಸಲು ಬಸ್ ಸ್ಟ್ಯಾಂಡಿನ ಕಡೆ ಹೋಗತೊಡಗಿದರು. ನಾನು ಅಂಗಡಿಯ ಮುಂದೆ ಹಾದುಹೋಗುವಾಗ ಚಲುವರಾಜು ಮಿಷನ್ನಿನ ಮೇಲೆ ತಲೆ ಬಗ್ಗಿಸಿಕೊಂಡಿರುತ್ತಿದ್ದ. ಎಷ್ಟೋ ಸಲ ಮಿಷನ್ನಿನಲ್ಲಿ ಬಟ್ಟೆ ಇರುತ್ತಿರಲಿಲ್ಲ. ಹೀಗೆ ನಾಲ್ಕು ತಿಂಗಳು ಕಳೆದವು. ನಾನು ಮೈಸೂರಿನಲ್ಲಿ ಎಂ.ಎ. ಓದಿದವಳು. ಒಂದು ವಾಕ್ಯ ಹೇಳಲು ಆಗಲಿಲ್ಲ. ಅತ್ತೆ ಮಧ್ಯಾಹ್ನ ನನ್ನ ತಟ್ಟೆಗೆ ತಾವೇ ಬಡಿಸುತ್ತಿದ್ದರು. ಉಣ್ಣುವವರೆಗೆ ಎದುರಿಗೆ ಕೂರುತ್ತಿದ್ದರು. ಅದು ನಿಂತುಹೋಗುವುದು ನನಗೆ ಬೇಡವಾಗಿತ್ತು.

ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಸುನೀಲ್ ಮತ್ತು ಸ್ವಾಮಣ್ಣ ಬಂದರು. ಸೈಕಲ್ ಬಟ್ಟೆಯಲ್ಲೇ ಇದ್ದರು. ಅತ್ತೆ ಜಗಲಿಯ ಮೇಲೆ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು. ಇಬ್ಬರೂ ಶೂ ಬಿಚ್ಚಿ ಅಂಚಿನಲ್ಲಿ ಕೂತರು. 

"ಸ್ವಾಮಣ್ಣ," ಎಂದರು ಅತ್ತೆ, ಮೊರದಿಂದ ಕಣ್ಣೆತ್ತದೆ. "ಮೊಮ್ಮಕ್ಕಳ ಕಂಡೋನು ನೀನು. ಇನ್ನೂ ಆ ಬಿಗಿ ಚಡ್ಡಿ ಬುಡ್ಲಿಲ್ವಾ?"

ಸ್ವಾಮಣ್ಣ ಬೆಚ್ಚಿದವರಂತೆ ಟವಲನ್ನು ತೊಡೆಯ ಮೇಲೆ ಎಳೆದುಕೊಂಡರು. "ಬುಡ್ಬೋದಿತ್ತು ತಾಯಿ. ಬಿಚ್ಚಕ್ಕೆ ಬತ್ತಿಲ್ಲ."

"ಅವ್ರ ಮನೇಲಿ ಕತ್ರಿ ತಕ್ಕೊಂಡು ಕಾಯ್ತಾ ಕೂತವ್ರೆ ಅವ್ವಾ," ಎಂದ ಸುನೀಲ್.

ಅತ್ತೆಯ ತುಟಿ ಒಂದಿಷ್ಟು ಅಲುಗಿತು. ಸುನೀಲ್ ನಗಲು ಹೋಗಿ ನನ್ನನ್ನು ನೋಡಿ ನಿಲ್ಲಿಸಿದ. ನಾನು ಹೊಸ್ತಿಲ ಬಳಿ ನಿಂತಿದ್ದೆ. ನಗಬಹುದು ಎಂದು ಹೇಳಬೇಕೆನಿಸಿತು.

"ಅವತ್ತು ಏನು ಮಾತಾಡ್ತಿದ್ರಿ?" ಅತ್ತೆ ಕೇಳಿದರು. "ಓಟ್ಲಲ್ಲಿ ಕೂತ್ಕಂಡು, ಅಷ್ಟೊತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬುಡಿ ಅವ್ವಾ, ಅದ್ಯಾಕೆ ಈಗ," ಎಂದ ಸುನೀಲ್.

"ಅದೇನಂತ ಏಳ್ಲಾ."

"ಕಾಕನಕೋಟೆ ಕಾಡಿನ ಕಡೆ ಅಲ್ವಾ... ಆನೆಗೆ ಬಿಕ್ಕಳಿಕೆ ಬತ್ತದಾ ಅಂತ." ಸುನೀಲ್ ನೆಲ ನೋಡುತ್ತಿದ್ದ. "ಸ್ವಾಮಣ್ಣ ಹಸೂಗೆ ಬತ್ತದೆ, ಕುದ್ರೆಗೆ ಬತ್ತದೆ, ಆನೆಗೂ ಬತ್ತದೆ ಅಂದ್ರು. ನಾನು, ಅಷ್ಟುದ್ದ ಸೊಂಡ್ಲಿರೋವಾಗ ಎಲ್ಲಿಂದ ಬತ್ತದೆ ಅಂದೆ. ಸಿದ್ದಣ್ಣ ಬರ್ಲಿ, ಅವನ್ನೇ ಕೇಳಣ ಅಂತ..."

"ಬತ್ತದಾ?"

"ಗೊತ್ತಾಗ್ಲಿಲ್ಲ ಅವ್ವಾ."

ಅತ್ತೆ ತಲೆಯಾಡಿಸಿ ಮೊರ ಕೇರಿದರು. ಹೊಟ್ಟು ಗಾಳಿಯಲ್ಲಿ ಹೋಯಿತು.

ಸ್ವಾಮಣ್ಣ ಗಂಟಲು ಸರಿ ಮಾಡಿಕೊಂಡು ಬಂದ ಕೆಲಸ ಹೇಳಿದರು. ಮತ್ತೆ ಭಾನುವಾರ ಹೊರಡಬೇಕೆಂದಿದ್ದೇವೆ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ. ಮೊದಲ ದಿನ ಆ ಮೋರಿಯ ಹತ್ತಿರ ಹೋಗಿ ಹೂವು ಇಟ್ಟು ಬರುತ್ತೇವೆ. ಅವ್ವ ಒಪ್ಪಿದರೆ, ಗಂಟೆ ಕೊಟ್ಟರೆ.

"ದರ್ಜಿ?" ಅತ್ತೆ ಕೇಳಿದರು.

"ಅವನ್ನ ಬುಟ್ಟಿದೀವಿ," ಎಂದ ಸುನೀಲ್. "ನೀವು ಹೇಳ್ದಂಗೆ. ವಾಟ್ಸಾಪ್ ಗುಂಪಿಂದ್ಲೂ ತೆಗ್ದಿದೀವಿ."

"ಮತ್ತೆ ಅಲ್ಲಿ ನಿಂತವ್ನಲ್ಲ."

ನಾನೂ ನೋಡಿದೆ. ಬೀದಿಯ ತಿರುವಿನಲ್ಲಿ, ರಾಗಿ ಮಿಲ್ಲಿನ ಗೋಡೆಗೆ ಸೈಕಲ್ ಒರಗಿಸಿ ಚಲುವರಾಜು ನಿಂತಿದ್ದ. ಸೈಕಲ್ ಚಡ್ಡಿಯಲ್ಲಿರಲಿಲ್ಲ. ಲುಂಗಿ ಉಟ್ಟಿದ್ದ.

"ನಾವು ಕರೀಲಿಲ್ಲ ಅವ್ವಾ. ಅವನೇ ಹಿಂದೆ ಬಂದ."

"ಅವ್ನು ನಿಮ್ಮ ಜೊತೆ ತುಳಿಯೋದಾದ್ರೆ ಗಂಟೆ ಈ ಮನೆ ದಾಟಲ್ಲ. ಅವ್ನ ಬುಟ್ಟು ನೀವು ಓಗ್ತೀರಾ, ಓಗಿ. ಸುಕನ್ಯ, ಗಂಟೆ ತಕ್ಕೊಂಡು ಬಾ," ಎಂದು ಅತ್ತೆ ನನಗೆ ಹೇಳಿದರು.

ಗಂಟೆ ಒಳಗೆ ಬೀರುವಿನ ಕೆಳಗಿತ್ತು. ಪೊಲೀಸರು ಸೈಕಲ್ಲಿನ ಜೊತೆ ಕೊಟ್ಟಾಗ ಹೇಗಿತ್ತೋ ಹಾಗೇ ಇಟ್ಟಿದ್ದೆ. ಬಾಯಲ್ಲಿ ಹಸಿರು ಲೈನಿಂಗ್ ಬಟ್ಟೆಯ ಚೂರು. ಚಲುವರಾಜು ಏನನ್ನೂ ಅರ್ಧಂಬರ್ಧ ಮಾಡುವವನಲ್ಲ. ನಾಲಗೆ ಅಲುಗದ ಹಾಗೆ ಸುತ್ತಿ ತುರುಕಿದ್ದ. ಅದನ್ನು ಹಿಡಿದುಕೊಂಡು ಹೊರಗೆ ಬಂದೆ. ಸದ್ದಾಗಲಿಲ್ಲ.

ಸ್ವಾಮಣ್ಣ ಕೈ ಚಾಚಿದರು. ನಾನು ಕೊಡಲಿಲ್ಲ.

"ಇದನ್ನ ತುರುಕಿಸಿದ್ದು ನಾನು," ಎಂದೆ.

ಅತ್ತೆಯ ಕೈ ನಿಂತಿತು.

"ಫೋನ್ ಮಾಡಿದ್ದೆ. ಸಂಪಿನ ಬೀಗದ ಕೈ ಎಲ್ಲಿದೆ ಅಂತ. ಗಂಟೆ ಸದ್ದಿಗೆ ಅವರ ಮಾತು ಕೇಳ್ಲಿಲ್ಲ. ನಿಲ್ಸಿ ಅಂದೆ. ಅವರು ಚಲುವರಾಜುಗೆ ಹೇಳಿದ್ರು. ಅವನು ಹೇಳಿದಷ್ಟು ಮಾಡಿದ. ತಮಾಷೆ ಅಲ್ಲ. ನನ್ನ ಹೆಸರು ಬರಬಾರ್ದು ಅಂತ ಸುಳ್ಳು ಹೇಳಿದ. ನಾನು ಸುಮ್ನಿದ್ದೆ."

ಸುನೀಲ್ ಎದ್ದು ನಿಂತ. ಯಾಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಮತ್ತೆ ಕೂತ. ಸ್ವಾಮಣ್ಣ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

ಅತ್ತೆ ನನ್ನನ್ನು ನೋಡಲಿಲ್ಲ. ಮೊರದ ಮೂಲೆಯಿಂದ ಒಂದು ಕಲ್ಲನ್ನು ಹುಡುಕಿ ತೆಗೆದು ಅಂಗಳಕ್ಕೆ ಎಸೆದರು.

"ಸಿಕ್ತಾ?" ಎಂದರು.

"ಏನು ಅತ್ತೆ?"

"ಬೀಗದ ಕೈ."

"ಸಿಕ್ತು."

"ಎಲ್ಲಿತ್ತು?"

"ಮೊಳೇಲೇ ಇತ್ತು. ಮೇಲೆ ಟವಲ್ ಇತ್ತು."

"ಟವಲ್," ಎಂದರು ಅತ್ತೆ. ಇನ್ನೊಂದು ಕಲ್ಲು ಹುಡುಕಿದರು. ಇರಲಿಲ್ಲ.  ಬೆಳಿಗ್ಗೆ ಮೊದಲು ಸ್ನಾನ ಮಾಡಿ ಆ ಮೊಳೆಗೆ ಟವಲ್ ನೇತುಹಾಕುತ್ತಿದ್ದವರು ಅವರೇ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಟವಲ್ಲಿನ ಮಾತು ಎತ್ತಬಾರದಿತ್ತು. ಕೇಳಿದ್ದಕ್ಕೆ ಹೇಳಿಬಿಟ್ಟಿದ್ದೆ.

ಮೊರವನ್ನು ಇನ್ನೊಮ್ಮೆ ಕೇರಿ ಅವರು, "ಸುನೀಲ, ಆ ದರ್ಜಿನ ಕರಿ. ಮಜ್ಜಿಗೆ ಕುಡ್ಕೊಂಡು ಓಗ್ಲಿ," ಎಂದರು.

ಚಲುವರಾಜು ಬಂದು ಅಂಗಳದಲ್ಲೇ ನಿಂತ. ಜಗಲಿ ಹತ್ತಲಿಲ್ಲ. ಸುನೀಲ್ ದಾರಿಯಲ್ಲಿ ಹೇಳಿರಬೇಕು. ಅವನ ಮುಖದಲ್ಲಿ ಸಮಾಧಾನವಿರಲಿಲ್ಲ, ಸಿಟ್ಟಿತ್ತು.

"ಯಾಕ್ ಹೇಳಿದ್ರಿ ಅತ್ಗೆ? ನಾಕು ತಿಂಗ್ಳು ತಡ್ಕಂಡಿದ್ದೆ. ಇನ್ನೂ ತಡ್ಕತಿದ್ದೆ."

 ಗಂಟೆಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿದ. ಎರಡು ಬೆರಳಿನಿಂದ ಹಸಿರು ಬಟ್ಟೆಯನ್ನು ಸ್ವಲ್ಪಸ್ವಲ್ಪವಾಗಿ ಎಳೆದ. ಅದು ಒಣಗಿ ಗಟ್ಟಿಯಾಗಿತ್ತು. ಪೂರ್ತಿ ಬಂದಾಗ ಗಂಟೆ ಒಂದು ಸಲ ಬಡಿಯಿತು.

ಅತ್ತೆ ಮೊರ ಕೆಳಗಿಟ್ಟು ಒಳಗೆ ಹೋದರು. ಮಜ್ಜಿಗೆ ನಾನೇ ತಂದುಕೊಟ್ಟೆ. ಮೂವರೂ ನಿಂತುಕೊಂಡೇ ಕುಡಿದರು.

ಮುಂದಿನ ಭಾನುವಾರ ಬೆಳಗಿನ ಜಾವ ಅವರು ನಮ್ಮ ಬೀದಿಯಲ್ಲೇ ಹಾದುಹೋದರು. ಮೂರು ಸೈಕಲ್. ಗಂಟೆ ಯಾರ ಸೀಟಿನ ಕೆಳಗಿತ್ತೋ ನೋಡಲಿಲ್ಲ. ಹಾಸಿಗೆಯಲ್ಲೇ ಕೇಳಿಸಿಕೊಂಡೆ. ಪಕ್ಕದ ಕೋಣೆಯಲ್ಲಿ ಅತ್ತೆ ಎದ್ದು ಕೂತದ್ದು ಗೊತ್ತಾಯಿತು. ಸದ್ದು ದೊಡ್ಡ ರಸ್ತೆಗೆ ಸೇರಿ ಕರಗುವವರೆಗೆ ಅವರ ಮಂಚ ಕಿರುಗುಟ್ಟಲಿಲ್ಲ.

ಆರು ಮುಕ್ಕಾಲಿಗೆ ನಲ್ಲಿಯಲ್ಲಿ ನೀರು ಬಂತು. ಬಾಗಿಲ ಹಿಂದೆ ಹೋದೆ. ಮೊಳೆಯ ಮೇಲೆ ಟವಲ್ ಇರಲಿಲ್ಲ. ಬೀಗದ ಕೈಯೂ ಇರಲಿಲ್ಲ. ಹೊರಗೆ ಅತ್ತೆ ಸಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನ ತುದಿಯ ಗಂಟು ಬಿಚ್ಚುತ್ತಿದ್ದರು. ಬೀಗ ತೆಗೆದು, ಪೈಪು ಬಿಟ್ಟು, ಬೀಗದ ಕೈಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. ಈಗ ಅದು ಅಲ್ಲೇ ಇರುತ್ತದೆ.

ಮಧ್ಯಾಹ್ನ ಇಬ್ಬರೂ ಉಣ್ಣುತ್ತೇವೆ. ನನ್ನ ತಟ್ಟೆಗೆ ನಾನೇ ಬಡಿಸಿಕೊಳ್ಳುತ್ತೇನೆ.