ಕಲಾವಿದ ಎಂಬ ಹೊಸ ಮಾತು

“ಯಕ್ಷಗಾನದ ಆಟದವನಿಗೆ ನಮ್ಮ ಹುಡುಗಿಯನ್ನು ಕೊಡುವುದಾ? ನಿಮಗೆ ಮರುಳುಂಟಾ ಜೀವಂಧರಣ್ಣ?” ಎಂದರು ಸಿದ್ಧಕಟ್ಟೆಯ ಶೀನಪ್ಪ ಶೆಟ್ಟರು. ಹುಡುಗಿ ಶಶಿಪ್ರಭಾ ಅವರ ತಂಗಿಯ ಮಗಳು. ತಾಯಿಯ ಕಡೆಯಿಂದ ವಂಶ ಎಣಿಸುವ ಅಂಥ ಮನೆಗಳಲ್ಲಿ ಮದುವೆಯ ಮಟ್ಟಿಗೆ ಸೋದರಮಾವ ಹೇಳಿದ್ದೇ ಕೊನೆ.

ಸಂಬಂಧ ತಂದಿದ್ದ ಮೂಡುಬಿದಿರೆಯ ಜೀವಂಧರರು ಬಿಡಲಿಲ್ಲ. “ಆಟದವ ಅಂತ ಈಗ ಯಾರು ಹೇಳ್ತಾರೆ ಶೆಟ್ರೇ? ಟಿಕೇಟಿನ ಡೇರೆ ಮೇಳ ಬಂದ ಮೇಲೆ ಎಲ್ಲರೂ ಕಲಾವಿದರು. ಮೈಕಿನಲ್ಲಿ ಹಾಗೇ ಕೂಗುವುದು.”

“ಮೈಕಿನಲ್ಲಿ ಕೂಗಿದರೆ ಹೆಣ್ಣುವೇಷಕ್ಕೆ ಮೀಸೆ ಬರ್ತದಾ?”

ಹುಡುಗ ಶೇಖರ ಅಲ್ಲೇ ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಯಕ್ಷಗಾನ ಮೇಳದಲ್ಲಿ ಅವನದು ಸ್ತ್ರೀವೇಷ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ, ಮಳೆಗಾಲಕ್ಕೆಂದು ಊರಿಗೆ ಬಂದಿದ್ದ. ವೇಷದ ಕಾರಣಕ್ಕೇ ಹಿಂದೆಯೂ ಸಂಬಂಧ ತಪ್ಪಿತ್ತು.

ಶೆಟ್ಟರು ಅವನತ್ತ ತಿರುಗಿದರು. “ನೀನೇ ಹೇಳು ಮಾರಾಯ, ನೀನು ಏನು?”

“ವೇಷ ಮಾಡ್ತೇನೆ. ಆಟ ಇಲ್ಲದಾಗ ಗದ್ದೆ ಉಳ್ತೇನೆ. ಕಲಾವಿದ ಅಂತ ನನ್ನ ಅಮ್ಮ ಕೂಡ ಕರೆದದ್ದಿಲ್ಲ.”

“ಮತ್ತೆ ಇವರು ಯಾಕೆ ಹಾಗೆ ಹೇಳಿದ್ದು?”

“ನೀವು ಹೆದರಬಾರದು ಅಂತ.”

ಜೀವಂಧರರು ಹಣೆ ಒತ್ತಿಕೊಂಡರು. ಶೆಟ್ಟರು ಮಾತ್ರ ಹೊಟ್ಟೆ ಕುಣಿಸಿ ನಕ್ಕರು. “ಇವನಿಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ ಜೀವಂಧರಣ್ಣ, ನಿಮ್ಮ ಹಾಗಲ್ಲ.”

ಒಪ್ಪಿಗೆಯಾಗದೆ ಹೆಣ್ಣಿನ ಮನೆಯಲ್ಲಿ ಉಣ್ಣುವ ಕ್ರಮ ಆ ಕಡೆ ಇರಲಿಲ್ಲ. ಶೆಟ್ಟರು ಕತ್ತಿ ಹಿಡಿದು ಹಿತ್ತಿಲಿಗೆ ಹೋದರು. ಬರುವಾಗ, ಮೀನು ಬೇಯುವ ಮನೆಯಲ್ಲಿ ಉಣ್ಣದ ಜೈನರಾದ ಜೀವಂಧರರಿಗೆ ಒಂದು ಎಳನೀರು ತಂದರು, ಶೇಖರನಿಗೆ ಊಟಕ್ಕೆ ಬಾಳೆಲೆ.